ಪೇಪರ್ ಡೈಸಿ ಬಾಡುತ್ತಿದೆಯೇ? ನೀರು ಹಾಕುವ ಮೊದಲು ಕುಂಡ ಎತ್ತಿ ನೋಡಿ

ಪೇಪರ್ ಡೈಸಿಗೆ ಒಂದು ಕೆಟ್ಟ ಅಭ್ಯಾಸವಿದೆ. ನೀರು ಕಡಿಮೆಯಾದರೂ ತಲೆ ಬಾಗಿಸುತ್ತದೆ, ಜಾಸ್ತಿಯಾದರೂ ತಲೆ ಬಾಗಿಸುತ್ತದೆ. ನೋಡುವವರಿಗೆ ಎರಡೂ ಒಂದೇ ತರಹ ಕಾಣುತ್ತವೆ. ಬಾಡಿದ ಗಿಡ ಕಂಡರೆ ನಮ್ಮ ಕೈ ತಾನಾಗಿ ನೀರಿನ ಕ್ಯಾನಿನ ಕಡೆ ಹೋಗುತ್ತದೆ, ಅಲ್ವಾ? ನನ್ನ ಮೊದಲ ಗಿಡ ಸತ್ತಿದ್ದು ಹಾಗೆಯೇ. ಮೂರು ದಿನ ಪ್ರೀತಿಯಿಂದ ನೀರು ಹಾಕಿದೆ. ನಾಲ್ಕನೇ ದಿನ ಮುಟ್ಟಿದರೆ ಬುಡದಿಂದಲೇ ಕಳಚಿ ಕೈಗೆ ಬಂತು.

ಈಗ ಮೆಲ್ಬರ್ನ್‌ನ ಪಶ್ಚಿಮ ಭಾಗದ ನಮ್ಮ ಮನೆಯಲ್ಲಿ ಇಂಥ ಐದು ಗಿಡಗಳಿವೆ. ಮೂರು ತೂಗು ಕುಂಡದಲ್ಲಿ, ಎರಡು ನೆಲದಲ್ಲಿ. ಏನಾದರೂ ಎಡವಟ್ಟಾದರೆ ನಾನು ಯಾವ ಕ್ರಮದಲ್ಲಿ ನೋಡುತ್ತೇನೋ ಅದನ್ನೇ ಇಲ್ಲಿ ಬರೆದಿದ್ದೇನೆ.

ಯಾವ ಗಿಡದ ಮಾತು ಎಂದು ಮೊದಲೇ ಹೇಳಿಬಿಡುತ್ತೇನೆ. ಕಾಗದದ ಹೂ ಅಂದರೆ ನಮ್ಮವರಿಗೆ ಬೋಗನ್‌ವಿಲ್ಲಾ ನೆನಪಾಗುತ್ತದೆ. ಇದು ಅದಲ್ಲ. ಇದು ಆಸ್ಟ್ರೇಲಿಯಾದ ಗುಡ್ಡಗಾಡಿನ ಡೈಸಿ, ಸೇವಂತಿಗೆಯ ಕುಟುಂಬದ್ದು. ಸಸ್ಯಶಾಸ್ತ್ರದ ಹೆಸರು ರೊಡಾಂತೆ ಆಂಥೆಮಾಯ್ಡಿಸ್. ಹಳೆಯ ಪುಸ್ತಕಗಳಲ್ಲಿ ಹೆಲಿಪ್ಟೆರಮ್ ಎಂದಿರುತ್ತದೆ. ಬೂದು ಹಸಿರು ಬಣ್ಣದ ಸಣ್ಣ ಎಲೆ, ಕೆಂಪು ಛಾಯೆಯ ಮೊಗ್ಗು, ಅರಳಿದ ಮೇಲೆ ಹಳದಿ ನಡುವಿನ ಬಿಳಿ ಹೂ. ಇಳಿಬೀಳುವ ತಳಿಯನ್ನು ನರ್ಸರಿಗಳಲ್ಲಿ ‘ಪೇಪರ್ ಕ್ಯಾಸ್ಕೇಡ್’ ಎಂಬ ಹೆಸರಿನಲ್ಲಿ ಮಾರುತ್ತಾರೆ. ನಿಮ್ಮದು ಅಗಲ ಎಲೆಯ, ಹಳದಿಯೋ ಗುಲಾಬಿಯೋ ದೊಡ್ಡ ಹೂವಿನ ಗಿಡವಾಗಿದ್ದರೆ ಅದು ಬಹುಶಃ ಜೆರೋಕ್ರೈಸಮ್. ಅದು ಇದರ ದಾಯಾದಿ. ಕೆಳಗೆ ಹೇಳಿದ್ದರಲ್ಲಿ ಹೆಚ್ಚಿನದು ಅದಕ್ಕೂ ಸಲ್ಲುತ್ತದೆ.

ಮೊದಲ ಎರಡು ನಿಮಿಷ

ಕುಂಡವನ್ನು ಎರಡೂ ಕೈಯಲ್ಲಿ ಎತ್ತಿ. ಭಾರವಾಗಿದೆಯೋ ಹಗುರವಾಗಿದೆಯೋ? ಮುಕ್ಕಾಲು ಪಾಲು ಉತ್ತರ ಇಲ್ಲೇ ಸಿಗುತ್ತದೆ. ಚೆನ್ನಾಗಿ ನೆನೆದ ಕುಂಡದ ತೂಕ ಕೈಗೆ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಮುಂದಿನ ಸಲ ನೀರು ಹಾಕಿದ ಮೇಲೊಮ್ಮೆ ಎತ್ತಿ ನೋಡಿ, ಮತ್ತೆ ಎರಡು ದಿನ ಬಿಟ್ಟು ಎತ್ತಿ ನೋಡಿ. ಆಮೇಲೆ ಮರೆಯುವುದಿಲ್ಲ.

ಮಣ್ಣಿನ ಮೇಲ್ಭಾಗ ನೋಡಿ ತೀರ್ಮಾನ ಮಾಡಬೇಡಿ. ಮೇಲೆ ಒಣಗಿ ಬಿರುಕು ಬಿಟ್ಟಿರುತ್ತದೆ, ಕೆಳಗೆ ಕೆಸರಾಗಿರುತ್ತದೆ. ಬೆರಳನ್ನು ಎರಡನೇ ಗೆಣ್ಣಿನವರೆಗೆ ಇಳಿಸಿ. ಕುಂಡದ ತಳದ ತೂತಿನಲ್ಲೂ ಬೆರಳಿಟ್ಟು ನೋಡಿ. ನಾನು ತೂತಿನ ಪರೀಕ್ಷೆಯನ್ನೇ ಜಾಸ್ತಿ ನಂಬುತ್ತೇನೆ.

ಕುಂಡ ಭಾರ, ಗಿಡ ಬಾಡಿದೆ

ಇದು ಬೇರು ಕೊಳೆತ. ಬೇರಿಗೂ ಗಾಳಿ ಬೇಕು. ಮಣ್ಣಿನ ಸಂದುಗಳಲ್ಲೆಲ್ಲ ನೀರು ತುಂಬಿದರೆ ಬೇರು ಉಸಿರು ಕಟ್ಟಿ ಸಾಯುತ್ತದೆ. ಸತ್ತ ಬೇರು ನೀರು ಕುಡಿಯುವುದಿಲ್ಲ. ಹಾಗಾಗಿ ಗಿಡ ನೀರಿನಲ್ಲಿ ನಿಂತೇ ಬಾಯಾರಿ ಬಾಡುತ್ತದೆ. ಇದೇ ಹೊತ್ತಿಗೆ ಫೈಟೋಫ್ತೊರಾ, ಪಿಥಿಯಮ್ ಎಂಬ ರೋಗಾಣುಗಳು ಒಳಗೆ ನುಗ್ಗುತ್ತವೆ. ಇವು ನೀರಿನಲ್ಲಿ ಈಜಿಕೊಂಡು ಬೇರಿನಿಂದ ಬೇರಿಗೆ ಹೋಗಬಲ್ಲವು. ಹಸಿ ಮಣ್ಣು ಇವಕ್ಕೆ ಹಬ್ಬ.

ಖಚಿತ ಮಾಡಿಕೊಳ್ಳಲು ಗಿಡವನ್ನು ಕುಂಡದಿಂದ ಹೊರಗೆ ತೆಗೆಯಬೇಕು. ಹೆದರಬೇಡಿ, ಕುಂಡವನ್ನು ಓರೆ ಮಾಡಿ ಬದಿಗೆ ತಟ್ಟಿದರೆ ಮಣ್ಣಿನ ಉಂಡೆ ಇಡಿಯಾಗಿ ಜಾರಿ ಬರುತ್ತದೆ. ಅದಕ್ಕೂ ಮೊದಲು ಮಾಸ್ಕ್, ಕೈಗವಸು ಹಾಕಿಕೊಳ್ಳಿ. ಪಾಟಿಂಗ್ ಮಿಕ್ಸ್‌ನಲ್ಲಿ, ಅಂದರೆ ಕುಂಡಕ್ಕೆ ತುಂಬುವ ಚೀಲದ ಮಣ್ಣಿನ ಮಿಶ್ರಣದಲ್ಲಿ, ಲೀಜನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಅದರ ಧೂಳು ಉಸಿರಿನಲ್ಲಿ ಹೋದರೆ ನ್ಯುಮೋನಿಯಾ ಬರಬಹುದು. ಇಲ್ಲಿನ ಚೀಲಗಳ ಮೇಲೆ ಈ ಎಚ್ಚರಿಕೆ ಅಚ್ಚಾಗಿಯೇ ಇರುತ್ತದೆ, ಓದುವವರು ಕಡಿಮೆ ಅಷ್ಟೆ. ಮಿಕ್ಸ್ ಒಣಗಿದ್ದರೆ ಸ್ವಲ್ಪ ನೀರು ಚಿಮುಕಿಸಿಕೊಳ್ಳಿ. ಮುಚ್ಚಿದ ಶೆಡ್ಡಿನೊಳಗೆ ಈ ಕೆಲಸ ಬೇಡ.

ಈಗ ಬೇರು ನೋಡಿ. ಒಳ್ಳೆಯ ಬೇರು ಬಿಳಿ ಅಥವಾ ಕೆನೆ ಬಣ್ಣದ್ದು, ಎಳೆದರೆ ಗಟ್ಟಿಯಾಗಿರುತ್ತದೆ. ಕೊಳೆತದ್ದು ಕಂದು ಅಥವಾ ಕಪ್ಪು. ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದರೆ ಸಿಪ್ಪೆ ಕಳಚಿಕೊಂಡು ಒಳಗಿನ ದಾರದಂಥ ಎಳೆ ಮಾತ್ರ ಉಳಿಯುತ್ತದೆ. ಮೂಗಿಗೂ ಗೊತ್ತಾಗುತ್ತದೆ, ಮೋರಿಯ ವಾಸನೆ.

ಅರ್ಧಕ್ಕಿಂತ ಹೆಚ್ಚು ಬೇರು ಬಿಳಿ ಇದ್ದರೆ ಉಳಿಸುವ ಪ್ರಯತ್ನ ಮಾಡಬಹುದು. ಕೊಳೆತ ಬೇರನ್ನು ಕತ್ತರಿಸಿ, ಮೇಲಿನ ಗಿಡವನ್ನೂ ಮೂರರಲ್ಲಿ ಒಂದು ಪಾಲು ಕತ್ತರಿಸಿ, ಹೊಸ ಮಿಕ್ಸ್‌ಗೆ ಹಾಕಿ. ವಾರ ಹತ್ತು ದಿನ ನೆರಳು ಬೆಳಕಿನ ಜಾಗದಲ್ಲಿಡಿ. ಗೊಬ್ಬರ ಕೊಡಬೇಡಿ. ಬೇರೇ ಇಲ್ಲದವನಿಗೆ ಊಟ ಬಡಿಸಿ ಏನು ಪ್ರಯೋಜನ? ಬೇರೆಲ್ಲ ಕಂದಾಗಿದ್ದರೆ ಸುಮ್ನೆ ಒದ್ದಾಡಬೇಡಿ. ತುದಿಯಲ್ಲಿ ಇನ್ನೂ ಹಸಿರಾಗಿ ನಿಂತ ಚಿಗುರುಗಳಿದ್ದರೆ ಕಡ್ಡಿ ಕತ್ತರಿಸಿಕೊಳ್ಳಿ. ಉಳಿದದ್ದು ಕಸಕ್ಕೆ, ಕಾಂಪೋಸ್ಟ್ ಗುಂಡಿಗಲ್ಲ. ಆ ಹಳೆಯ ಮಿಕ್ಸ್ ಅನ್ನು ಬೇರೆ ಗಿಡಕ್ಕೆ ಬಳಸುವ ಆಸೆ ಬೇಡ.

ಗಿಡದ ಕತೆ ಅಲ್ಲಿಗೆ ಮುಗಿಯಿತು. ಆದರೆ ನೀರು ಯಾಕೆ ನಿಂತಿತು ಎಂದು ಹುಡುಕದಿದ್ದರೆ ಮುಂದಿನ ಗಿಡವೂ ಅದೇ ದಾರಿ ಹಿಡಿಯುತ್ತದೆ. ನಮ್ಮ ಮನೆಯ ಅಪರಾಧಿ ತೂಗು ಕುಂಡದ ತಳಕ್ಕೆ ಕ್ಲಿಪ್ ಹಾಕಿ ಕೂರಿಸಿದ್ದ ಪ್ಲಾಸ್ಟಿಕ್ ತಟ್ಟೆ. ಕೆಳಗೆ ನೆಲ ಒದ್ದೆಯಾಗದಿರಲಿ ಎಂದು ಅದನ್ನು ಕೊಟ್ಟಿರುತ್ತಾರೆ. ಬೇಸಗೆಯಲ್ಲಿ ಅದು ಉಪಕಾರಿ. ಜೂನ್ ಬಂದ ಮೇಲೆ, ಅಂದರೆ ಇಲ್ಲಿನ ಚಳಿಗಾಲದಲ್ಲಿ, ಅದೇ ತಟ್ಟೆಯಲ್ಲಿ ವಾರಗಟ್ಟಲೆ ನೀರು ನಿಂತಿರುತ್ತದೆ. ಕುಂಡ ಎತ್ತರದಲ್ಲಿ ತೂಗುತ್ತಿದ್ದರಿಂದ ನನಗೆ ಕಾಣಲೇ ಇಲ್ಲ. ಈಗ ಮೇ ತಿಂಗಳಲ್ಲಿ ತಟ್ಟೆಗಳನ್ನೆಲ್ಲ ಕಳಚಿ ಶೆಡ್ಡಿಗೆ ಹಾಕುತ್ತೇನೆ.

ಎರಡನೇ ಕಾರಣ ಅಗ್ಗದ ಮಿಕ್ಸ್. ಅದರಲ್ಲಿನ ಮರದ ಪುಡಿ ಬೇಗ ಕೊಳೆತು ಕುಸಿಯುತ್ತದೆ. ಮೊದಲ ವರ್ಷ ನೀರು ಸರಾಗವಾಗಿ ಇಳಿದ ಕುಂಡದಲ್ಲಿ ಎರಡನೇ ವರ್ಷ ಅಂಟು ಅಂಟಾಗುತ್ತದೆ. ಆಸ್ಟ್ರೇಲಿಯಾದಲ್ಲಿ ಪಾಟಿಂಗ್ ಮಿಕ್ಸ್‌ಗೆ ಎಎಸ್ 3743 ಎಂಬ ಮಾನದಂಡವಿದೆ. ಚೀಲದ ಮೇಲೆ ಕೆಂಪು ಟಿಕ್ ಗುರುತುಗಳಿದ್ದರೆ ಪ್ರೀಮಿಯಂ, ಕಪ್ಪು ಇದ್ದರೆ ಸಾಮಾನ್ಯ ದರ್ಜೆ. ಕೆಂಪು ಟಿಕ್ ಇರುವುದನ್ನೇ ತನ್ನಿ. ನಾನು ಅದಕ್ಕೆ ನಾಲ್ಕರಲ್ಲಿ ಒಂದು ಪಾಲು ಪರ್ಲೈಟ್ (ಮಣ್ಣು ಸಡಿಲವಾಗಿರಲು ಹಾಕುವ ಹಗುರ ಬಿಳಿ ಹರಳು) ಬೆರೆಸುತ್ತೇನೆ. ಕುಂಡದ ತಳಕ್ಕೆ ಜಲ್ಲಿ ಹಾಕುವ ಹಳೆಯ ಪದ್ಧತಿಯನ್ನು ಬಿಟ್ಟಿದ್ದೇನೆ. ಜಲ್ಲಿಯ ಮೇಲಿನ ಮಣ್ಣಿನಲ್ಲೇ ನೀರು ನಿಲ್ಲುತ್ತದೆ, ಬೇರಿಗೆ ಜಾಗವೂ ಕಡಿಮೆಯಾಗುತ್ತದೆ.

ಕುಂಡ ಹಗುರ, ಗಿಡ ಬಾಡಿದೆ

ಇದು ಬಾಯಾರಿಕೆ. ನೀರು ಹಾಕಿ, ಆದರೆ ಹಾಕಿದ ನೀರು ಎಲ್ಲಿ ಹೋಗುತ್ತದೆ ನೋಡಿ. ಸುರಿದ ಕೂಡಲೇ ತಳದಿಂದ ಸುರಿದುಹೋದರೆ, ಆಮೇಲೂ ಕುಂಡ ಹಗುರವೇ ಇದ್ದರೆ, ಮಿಕ್ಸ್ ನೀರನ್ನು ಹೀರುತ್ತಿಲ್ಲ ಎಂದರ್ಥ. ಪೂರ್ತಿ ಒಣಗಿದ ಮಿಕ್ಸ್ ಮೇಣ ಹಚ್ಚಿದಂತೆ ನೀರನ್ನು ದೂಡುತ್ತದೆ. ಜತೆಗೆ ಉಂಡೆ ಕುಗ್ಗಿ ಕುಂಡದ ಗೋಡೆಯಿಂದ ಬಿಟ್ಟುಕೊಂಡಿರುತ್ತದೆ. ನೀರು ಆ ಸಂದಿಯಲ್ಲೇ ಇಳಿದುಹೋಗುತ್ತದೆ. ನೀವು ದಿನಾ ನೀರು ಹಾಕಿದ ಸಮಾಧಾನದಲ್ಲಿರುತ್ತೀರಿ, ಗಿಡ ಒಣಗುತ್ತಿರುತ್ತದೆ.

ಪರಿಹಾರ ಸುಲಭ. ಬಕೆಟ್ಟಿನಲ್ಲಿ ನೀರು ತುಂಬಿ ಕುಂಡವನ್ನು ಅಂಚಿನವರೆಗೆ ಮುಳುಗಿಸಿ. ಗುಳ್ಳೆ ಏಳುವುದು ನಿಂತ ಮೇಲೆ ತೆಗೆದು ಸೋರಲು ಬಿಡಿ. ಸಂಜೆಯೊಳಗೆ ಗಿಡ ಎದ್ದು ಕೂರುತ್ತದೆ. ಪದೇ ಪದೇ ಹೀಗಾದರೆ, ಒಣ ಮಣ್ಣು ನೀರು ಹೀರುವಂತೆ ಮಾಡುವ ಸಾಯಿಲ್ ವೆಟರ್ ದ್ರಾವಣವನ್ನು ಒಮ್ಮೆ ಹಾಕಿ. ಬಾಡಿದ್ದು ಎದ್ದಿತೆಂದರೆ ಬೇರು ಚೆನ್ನಾಗಿದೆ. ಮರುದಿನಕ್ಕೂ ಏಳದಿದ್ದರೆ ಮತ್ತೆ ಬೇರು ನೋಡುವುದೇ ದಾರಿ.

40 ಡಿಗ್ರಿ ಬಿಸಿಲಿನ ಜತೆ ಉತ್ತರದ ಒಣ ಗಾಳಿ ಬೀಸುವ ದಿನ ತೂಗು ಕುಂಡ ಒಂದೇ ದಿನದಲ್ಲಿ ಬರಿದಾಗುತ್ತದೆ. ತೆಂಗಿನ ನಾರಿನ ಬುಟ್ಟಿಯಾದರೆ ಇನ್ನೂ ಬೇಗ. ಅಂಥ ದಿನ ಬೆಳಗ್ಗೆಯೇ ನೀರು ಹಾಕಿ ಕುಂಡವನ್ನು ಇಳಿಸಿ ಗೋಡೆಯ ನೆರಳಿಗಿಡುತ್ತೇನೆ. ಮಧ್ಯಾಹ್ನದ ಸುಡು ಬಿಸಿಲಲ್ಲಿ ತುದಿ ಸ್ವಲ್ಪ ಬಾಗಿ ಸಂಜೆಗೆ ತಾನೇ ಎದ್ದರೆ ಅದು ರೋಗವಲ್ಲ, ಬಿಟ್ಟುಬಿಡಿ.

ನೆಲದಲ್ಲಿ ನೆಟ್ಟಿದ್ದರೆ

ನೆಲವನ್ನು ಎತ್ತಿ ತೂಕ ನೋಡಲಾಗುವುದಿಲ್ಲ. ಗಿಡದಿಂದ ಒಂದಡಿ ದೂರದಲ್ಲಿ 30 ಸೆಂಟಿಮೀಟರ್ ಆಳದ ಗುಂಡಿ ತೋಡಿ ನೀರು ತುಂಬಿಸಿ. ಅದು ಇಂಗಿದ ಮೇಲೆ ಇನ್ನೊಮ್ಮೆ ತುಂಬಿಸಿ. ಈ ಎರಡನೇ ನೀರು ಕೆಲವು ಗಂಟೆಯಲ್ಲಿ ಇಂಗಿದರೆ ಚಿಂತೆಯಿಲ್ಲ. ಮರುದಿನ ಬೆಳಗ್ಗೆಯೂ ನಿಂತಿದ್ದರೆ ಆ ಜಾಗ ಪೇಪರ್ ಡೈಸಿಗಲ್ಲ.

ಮೆಲ್ಬರ್ನ್‌ನ ಪಶ್ಚಿಮದ ಬಡಾವಣೆಗಳು ನಿಂತಿರುವುದು ಹಳೆಯ ಲಾವಾ ಬಯಲಿನ ಮೇಲೆ. ಬಸಾಲ್ಟ್ ಕಲ್ಲು ಸವೆದು ಆದ ಜೇಡಿಮಣ್ಣು. ಚಳಿಗಾಲದಲ್ಲಿ ಬೂಟಿಗೆ ಕಿಲೋಗಟ್ಟಲೆ ಅಂಟುತ್ತದೆ, ಬೇಸಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ನಮ್ಮ ಕಡೆಯ ಎರೆಮಣ್ಣು ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ.

ಜೇಡಿಮಣ್ಣು ಎಂದ ತಕ್ಷಣ ಎಲ್ಲರೂ ಮಣ್ಣು ಸಡಿಲಾಗಲು ಜಿಪ್ಸಮ್ ಹಾಕಿ ಅನ್ನುತ್ತಾರೆ. ಅದು ಎಲ್ಲ ಜೇಡಿಗೂ ಕೆಲಸ ಮಾಡುವುದಿಲ್ಲ. ಒಂದು ಲೋಟದಲ್ಲಿ ಮಳೆನೀರು ತೆಗೆದುಕೊಳ್ಳಿ. ಬಟಾಣಿ ಗಾತ್ರದ ಒಣ ಮಣ್ಣಿನ ಹೆಂಟೆಯನ್ನು ಮೆಲ್ಲಗೆ ಅದರೊಳಗೆ ಬಿಡಿ. ಕಲಕಬೇಡಿ. ಒಂದು ದಿನ ಹಾಗೇ ಇರಲಿ. ಹೆಂಟೆಯ ಸುತ್ತ ನೀರು ಹಾಲಿನಂತೆ ಮಸುಕಾದರೆ ಮಣ್ಣಿನಲ್ಲಿ ಸೋಡಿಯಂ ಜಾಸ್ತಿ ಇದೆ, ಜಿಪ್ಸಮ್ ಸಹಾಯ ಮಾಡುತ್ತದೆ. ಹೆಂಟೆ ಸುಮ್ಮನೆ ಪುಡಿಯಾಗಿ ನೀರು ತಿಳಿಯಾಗೇ ಉಳಿದರೆ ಜಿಪ್ಸಮ್‌ಗೆ ದುಡ್ಡು ಹಾಕಬೇಡಿ. ಎರಡೂ ಸಂದರ್ಭದಲ್ಲಿ ಗಟ್ಟಿ ಉಪಾಯ ಒಂದೇ. 20–30 ಸೆಂಟಿಮೀಟರ್ ಎತ್ತರದ ದಿಬ್ಬ ಮಾಡಿ ಅದರ ಮೇಲೆ ನೆಡಿ, ಇಲ್ಲವೇ ಕಲ್ಲಿನ ಕಟ್ಟೆಯ ಅಂಚಿಗೆ ನೆಡಿ. ಇಳಿಬೀಳುವ ಗಿಡಕ್ಕೆ ಅಂಚು ಚೆಂದವೂ ಹೌದು.

ಮಣ್ಣಿನ ಮೇಲೆ ಮಲ್ಚ್ (ತೊಗಟೆ, ಒಣಹುಲ್ಲಿನಂಥ ಹೊದಿಕೆ) ಹಾಸಿದ್ದರೆ ಬುಡದ ಸುತ್ತ ಒಂದು ಅಂಗೈ ಅಗಲ ಖಾಲಿ ಬಿಡಿ. ಬುಡಕ್ಕೆ ಒತ್ತಿದ ಹಸಿ ಮಲ್ಚ್ ಕಾಂಡವನ್ನೇ ಕೊಳೆಸುತ್ತದೆ. ಸಣ್ಣ ಜಲ್ಲಿ ಹಾಸಿದರೆ ಈ ತಾಪತ್ರಯವಿಲ್ಲ.

ಹೂ ಅರಳುತ್ತಿಲ್ಲ, ಮುಚ್ಚಿಕೊಂಡೇ ಇದೆ

ನೋಡಿದ್ದು ಎಷ್ಟು ಹೊತ್ತಿಗೆ? ಬೆಳಗಿನ ಇಬ್ಬನಿಯಲ್ಲೋ, ಮಳೆಯ ದಿನವೋ, ಸಂಜೆ ಕೆಲಸ ಮುಗಿಸಿ ಬಂದ ಮೇಲೋ ಆದರೆ ಹೂ ಮುಚ್ಚಿರುವುದೇ ಸರಿ. ದಳದಂತೆ ಕಾಣುವ ಆ ಬಿಳಿ ಕಾಗದಗಳು ದಳಗಳೇ ಅಲ್ಲ. ಹೂಗೊಂಚಲನ್ನು ಸುತ್ತಿರುವ ಒಣ ಎಲೆಗಳು ಅವು. ತೇವ ಹೀರಿದಾಗ ಒಳಕ್ಕೆ ಬಾಗುತ್ತವೆ, ಒಣಗಿದಾಗ ಹೊರಕ್ಕೆ ಬಿಚ್ಚುತ್ತವೆ. ಇದಕ್ಕೆ ಜೀವವೂ ಬೇಕಿಲ್ಲ. ಒಣಗಿಸಿ ಹೂದಾನಿಯಲ್ಲಿಟ್ಟ ಹೂವಿನ ಮೇಲೆ ನೀರು ಚಿಮುಕಿಸಿ ನೋಡಿ, ಅದೂ ಮೆಲ್ಲಗೆ ಮುಚ್ಚಿಕೊಳ್ಳುತ್ತದೆ. ನನ್ನ ಮಗಳು ಇದನ್ನು ಹತ್ತು ಸಲ ಮಾಡಿಸಿದ್ದಾಳೆ.

ಒಣ ಬಿಸಿಲಿನ ನಡು ಹಗಲಲ್ಲೂ ಮೊಗ್ಗು ಬಿಚ್ಚದಿದ್ದರೆ ಮಾತ್ರ ಅನುಮಾನ ಪಡಿ. ಮೊಗ್ಗನ್ನು ಸೀಳಿ ಒಳಗೆ ಹುಳವೋ ಬೂಜೋ ಇದೆಯೇ ನೋಡಿ.

ನಡು ಬೋಳು, ತುದಿಯಲ್ಲಿ ಮಾತ್ರ ಹಸಿರು

ತೂಗು ಕುಂಡದ ಪೇಪರ್ ಡೈಸಿ ಎರಡನೇ ವರ್ಷಕ್ಕೆ ಹೀಗಾಗುವುದು ಸಹಜ. ಕತ್ತರಿಸದೇ ಬಿಟ್ಟದ್ದೇ ಕಾರಣ. ಕೊಂಬೆ ಉದ್ದವಾದಷ್ಟೂ ಹೊಸ ಚಿಗುರು ತುದಿಗೆ ಓಡುತ್ತದೆ, ಬುಡದ ಎಲೆ ಉದುರಿ ಕಡ್ಡಿಯಾಗುತ್ತದೆ. ವಸಂತದ ಮೊದಲ ದೊಡ್ಡ ಹೂ ಮುಗಿದ ಕೂಡಲೇ ಗಿಡವನ್ನು ಸುತ್ತಲೂ ಮೂರರಲ್ಲಿ ಒಂದು ಪಾಲು ಕತ್ತರಿಸಬೇಕು. ಇಲ್ಲಿ ಅದು ನವೆಂಬರ್ ಕೊನೆ ಅಥವಾ ಡಿಸೆಂಬರ್. ಮುಂದಿನ ಎರಡು ಮೂರು ದಿನ ಸುಡು ಬಿಸಿಲಿಲ್ಲ ಎಂದು ನೋಡಿಕೊಂಡು ಕತ್ತರಿ ಹಿಡಿಯಿರಿ.

ಒಂದು ಎಚ್ಚರ. ಎಲೆಯೇ ಇಲ್ಲದ ಒಣ ಕಟ್ಟಿಗೆಯವರೆಗೆ ಕತ್ತರಿಸಬೇಡಿ. ಗುಲಾಬಿಯಂತೆ ಅಲ್ಲಿಂದ ಚಿಗುರೀತು ಎಂದು ಕಾದರೆ ಕಾದದ್ದೇ ಬಂತು. ಪ್ರತಿ ಕೊಂಬೆಯಲ್ಲೂ ನಾಲ್ಕಾರು ಹಸಿರೆಲೆ ಉಳಿಯಲೇಬೇಕು. ಈಗಾಗಲೇ ಪೂರ್ತಿ ಬೋಳಾಗಿದ್ದರೆ ಈ ವರ್ಷ ಸ್ವಲ್ಪ ಕತ್ತರಿಸಿ, ಬುಡದಲ್ಲಿ ಚಿಗುರು ಕಂಡ ಮೇಲೆ ಇನ್ನಷ್ಟು ಕತ್ತರಿಸಿ.

ಬೋಳು ಒಂದೇ ಪಕ್ಕದಲ್ಲಿದ್ದರೆ ಆ ಪಕ್ಕ ಗೋಡೆಯ ಕಡೆಗಿದೆಯೇ ನೋಡಿ. ಹೌದಾದರೆ ವಾರಕ್ಕೊಮ್ಮೆ ಕುಂಡ ತಿರುಗಿಸಿ. ಅಷ್ಟೇ.

ಎಲೆ ಸೊಂಪು, ಹೂ ಕಡಿಮೆ

ಬಿಸಿಲು ಸಾಲದು, ಇಲ್ಲವೇ ಗೊಬ್ಬರ ಜಾಸ್ತಿ. ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು. ಕೊಂಬೆಗಳು ತೆಳ್ಳಗೆ ಒಂದೇ ದಿಕ್ಕಿಗೆ ಚಾಚಿದ್ದರೆ ಬಿಸಿಲಿನದೇ ಕೊರತೆ. ಕೊಂಬೆ ದಪ್ಪಗಿದ್ದು ಎಲೆ ಕಡು ಹಸಿರಾಗಿದ್ದರೆ ಸಾರಜನಕ ಹೆಚ್ಚಾಗಿದೆ. ಕೋಳಿ ಗೊಬ್ಬರ, ಹುಲ್ಲಿಗೆ ಹಾಕುವ ಗೊಬ್ಬರ ಇದಕ್ಕೆ ಬೇಡ. ವಸಂತದ ಆರಂಭದಲ್ಲಿ ಒಮ್ಮೆ, ಕತ್ತರಿಸಿದ ಮೇಲೆ ಒಮ್ಮೆ, ನಿಧಾನವಾಗಿ ಕರಗುವ ಗೊಬ್ಬರ ಸ್ವಲ್ಪ ಕೊಟ್ಟರೆ ಸಾಕು.

ಎಲೆ ಹಳದಿ

ಯಾವ ಎಲೆ ಎನ್ನುವುದೇ ಮುಖ್ಯ. ಬುಡದ ಹಳೆಯ ಎಲೆಗಳು ಹಳದಿಯಾಗಿ ಉದುರುತ್ತಿದ್ದರೆ ವಯಸ್ಸು, ಹಸಿವು ಅಥವಾ ಅತಿ ನೀರು. ಕುಂಡದ ತೂಕವನ್ನು ಮತ್ತೆ ಪರೀಕ್ಷಿಸಿ. ತುದಿಯ ಹೊಸ ಎಲೆಗಳೇ ಹಳದಿಯಾಗಿ ಬಂದರೆ ಕಬ್ಬಿಣ ಸಿಗುತ್ತಿಲ್ಲ. ಈ ಗಿಡಕ್ಕೆ ಸ್ವಲ್ಪ ಹುಳಿ ಮಣ್ಣು ಇಷ್ಟ. ಹೊಸ ಕಾಂಕ್ರೀಟಿನ ಪಕ್ಕದ ಮಣ್ಣಿಗೆ ಸುಣ್ಣ ಇಳಿದು ಕಬ್ಬಿಣ ಇದ್ದರೂ ಬೇರಿಗೆ ಎಟುಕದಂತಾಗುತ್ತದೆ. ಬೇರು ಹೀರಬಲ್ಲ ರೂಪದ ಕಬ್ಬಿಣವಾದ ಐರನ್ ಚೆಲೇಟ್ ಪುಡಿಯನ್ನು ಪೊಟ್ಟಣದ ಮೇಲಿನ ಅಳತೆಯಂತೆ ನೀರಲ್ಲಿ ಕಲಸಿ ಹಾಕಿದರೆ ಹೊಸ ಎಲೆ ಹಸಿರಾಗಿ ಬರುತ್ತದೆ. ಆದರೆ ಅಲ್ಲಿ ಸುಣ್ಣ ಇರುವವರೆಗೂ ತೊಂದರೆ ಮರಳುತ್ತದೆ, ಕುಂಡಕ್ಕೆ ಬದಲಿಸುವುದೇ ಮೇಲು.

ಹುಳ, ಬೂಜು

ಎಳೆ ಮೊಗ್ಗಿನ ಕೆಳಗೆ ಗುಂಪಾಗಿ ಕೂರುವ ಸಸ್ಯಹೇನುಗಳನ್ನು ಪೈಪಿನ ನೀರಿನಿಂದ ಉದುರಿಸಿ. ಬೆಳಗ್ಗೆಯೇ ಮಾಡಿ, ಸಂಜೆಯೊಳಗೆ ಎಲೆ ಒಣಗಲಿ. ಇರುವೆ ಸಾಲು ಕಂಡರೆ ಹೇನಿದೆ ಎಂದೇ ಲೆಕ್ಕ.

ತುದಿಯ ಎಲೆಗಳು ಬಲೆಯಿಂದ ಒಟ್ಟಿಗೆ ಹೊಲಿದಂತಿದ್ದರೆ ಒಳಗೆ ಸಣ್ಣ ಹುಳವಿರುತ್ತದೆ. ಚಿವುಟಿ ತೆಗೆಯಿರಿ. ಗಾಢ ಬಣ್ಣದ ಮುಳ್ಳುಮುಳ್ಳು ಕಂಬಳಿಹುಳವಾದರೆ ಸ್ವಲ್ಪ ತಡೆಯಿರಿ. ಆಸ್ಟ್ರೇಲಿಯನ್ ಪೇಂಟೆಡ್ ಲೇಡಿ ಎಂಬ ಚಿಟ್ಟೆಯ ಮರಿಗಳು ಪೇಪರ್ ಡೈಸಿಯಂಥ ಗಿಡಗಳನ್ನು ತಿಂದು ಬೆಳೆಯುತ್ತವೆ. ನಾನು ನೆಲದ ಒಂದು ಗಿಡವನ್ನು ಅವಕ್ಕೇ ಬಿಟ್ಟಿದ್ದೇನೆ. ಎಲೆ ಹೋಗುತ್ತದೆ, ಮತ್ತೆ ಬರುತ್ತದೆ.

ಎಲೆಯ ಮೇಲೆ ಹಳದಿ ಕಲೆ, ಅದೇ ಜಾಗದಲ್ಲಿ ಕೆಳಗೆ ಬಿಳಿ ಬೂಜು ಇದ್ದರೆ ತೇವದ ಹವೆಯಲ್ಲಿ ಬರುವ ಡೌನಿ ಮಿಲ್ಡ್ಯೂ. ಒತ್ತಾದ ನಡುವಿನಲ್ಲಿ ಬೂದು ತುಪ್ಪಟ ಕಂಡರೆ ಬೊಟ್ರೈಟಿಸ್ ಎಂಬ ಶಿಲೀಂಧ್ರ. ಎರಡಕ್ಕೂ ಮೊದಲ ಮದ್ದು ಗಾಳಿ. ಬಾಧೆ ಇರುವ ಕೊಂಬೆ, ಒಣಗಿದ ಹೂ ಎಲ್ಲ ತೆಗೆದು ನಡುವನ್ನು ತೆಳುವಾಗಿಸಿ. ನೀರನ್ನು ಬುಡಕ್ಕೆ ಮಾತ್ರ ಹಾಕಿ. ಸೆಕೆ ಮತ್ತು ತೇವ ಸೇರಿದ ಬ್ರಿಸ್ಬೇನ್‌ನಂಥ ಕಡೆ ಬೇಸಗೆಯಲ್ಲಿ ಈ ಕಾಟ ಜಾಸ್ತಿ. ಅಲ್ಲಿನವರು ಇದನ್ನು ಒಂದು ವರ್ಷದ ಗಿಡವೆಂದುಕೊಂಡರೆ ಬೇಸರ ಕಡಿಮೆ.

ಏನೂ ತಪ್ಪಿಲ್ಲ, ಆದರೂ ಸೊರಗುತ್ತಿದೆ

ನೆಟ್ಟು ಎಷ್ಟು ವರ್ಷವಾಯಿತು? ಎಷ್ಟೇ ಚೆನ್ನಾಗಿ ನೋಡಿಕೊಂಡರೂ ಎರಡು ಮೂರು ವರ್ಷದ ಮೇಲೆ ಇದರ ಕಳೆ ಇಳಿಯುತ್ತದೆ. ಇದು ನಿಮ್ಮ ತಪ್ಪಲ್ಲ, ಗಿಡದ ಆಯಸ್ಸೇ ಅಷ್ಟು. ಅದಕ್ಕೇ ಪ್ರತಿ ವರ್ಷ ಕತ್ತರಿಸುವಾಗ ಸಿಗುವ ತುದಿಗಳಲ್ಲಿ ಹೂ ಮೊಗ್ಗಿಲ್ಲದ ನಾಲ್ಕೈದನ್ನು ಆರಿಸಿಕೊಳ್ಳುತ್ತೇನೆ. ಬೆರಳುದ್ದದ ಕಡ್ಡಿ, ಕೆಳಗಿನ ಅರ್ಧದ ಎಲೆ ತೆಗೆದದ್ದು. ಪರ್ಲೈಟ್ ಮತ್ತು ತೆಂಗಿನ ನಾರಿನ ಪುಡಿ ಸಮಪಾಲು ಬೆರೆಸಿ ಸಣ್ಣ ಕುಂಡಕ್ಕೆ ತುಂಬಿ ಚುಚ್ಚಿಡುತ್ತೇನೆ. ನೇರ ಬಿಸಿಲು ಬೀಳದ ಬೆಳಕು ಸಾಕು. ಪ್ಲಾಸ್ಟಿಕ್ ಹೊದಿಸಬೇಡಿ, ಬೂದು ಎಲೆಯ ಗಿಡಗಳು ಒಳಗೇ ಕೊಳೆಯುತ್ತವೆ. ನಾಲ್ಕೈದು ವಾರ ಬಿಟ್ಟು ಕಡ್ಡಿಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದು ನೋಡಿ. ಮಣ್ಣು ಹಿಡಿದುಕೊಂಡರೆ ಬೇರು ಬಂದಿದೆ. ಸಲೀಸಾಗಿ ಕೈಗೆ ಬಂದು ತುದಿ ಕಪ್ಪಾಗಿದ್ದರೆ ನೀರು ಜಾಸ್ತಿ ಹಾಕಿದ್ದೀರಿ.